ಗಡಿಯಾರವೂ ಕೈಗುಣವೂ

ಕಾಲ ಯಾರಿಗೂ ಕಾಯುವುದಿಲ್ಲವೆಂಬುದು ಹಿರಿಯರ ಮಾತು. ಆದರೂ ಅದನ್ನು ಒಂದು ಪುಟ್ಟ ಕರಂಡದಲ್ಲಿ ಕೂರಿಸಿ ಮಣಿಕಟ್ಟಿಗೆ ಬಿಗಿದುಕೊಳ್ಳುವ ಸಾಹಸವನ್ನು ಮನುಷ್ಯ ಬಿಟ್ಟಿಲ್ಲ. ಈ ಸಾಹಸದಲ್ಲಿ ಲೋಕಪ್ರಸಿದ್ಧರಾದವರು ಸ್ವಿಟ್ಸರ್‌ಲೆಂಡಿನ ಜನ. ಅವರ ಹೆಸರಾಂತ ಮನೆತನಗಳ ಒಂದು ಕೈಗಡಿಯಾರಕ್ಕೆ ಕೊಡುವ ಹಣದಲ್ಲಿ ಇಲ್ಲಿ ಕಾರನ್ನೇ ಕೊಳ್ಳಬಹುದು. ಬರಿಯ ಹೊತ್ತು ತಿಳಿಯುವುದಕ್ಕೆ ಇಷ್ಟೊಂದು ಹಣವೆ? ಕಿಸೆಯಲ್ಲಿರುವ ಫೋನು ಅದಕ್ಕಿಂತ ಕರಾರುವಾಕ್ಕಾಗಿ ಹೊತ್ತನ್ನು ಹೇಳುತ್ತದೆಯಲ್ಲ! ನಿಜ, ಆದರೆ ಆ ಬೆಲೆಯಲ್ಲಿ ಹೆಚ್ಚಿನ ಪಾಲು ಹೊತ್ತಿಗಲ್ಲ, ಹೆಸರಿಗೆ ಮತ್ತು ಕೈಗುಣಕ್ಕೆ.

ಆ ಕೈಗುಣ ಒಂದು ದಿನದಲ್ಲಿ ಬಂದುದಲ್ಲ. ಹದಿನಾರನೆಯ ಶತಮಾನದಲ್ಲಿ ಜಿನೀವಾ ನಗರದ ಧರ್ಮಸುಧಾರಕ ಕ್ಯಾಲ್ವಿನ್ನನ ಕಟ್ಟುನಿಟ್ಟಿನಿಂದ ಒಡವೆಗಳಿಗೆ ನಿಷೇಧ ಬಿದ್ದಾಗ ಅಲ್ಲಿನ ಅಕ್ಕಸಾಲಿಗರು ಗಡಿಯಾರದ ಕಡೆಗೆ ಹೊರಳಿದರು. ಮತಹಿಂಸೆಗೆ ಅಂಜಿ ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನೋ ಜನ ತಮ್ಮ ವಿದ್ಯೆಯನ್ನು ಜೊತೆಗೆ ತಂದರು. ಮುಂದೆ ಅದು ಜುರಾ ಬೆಟ್ಟಗಳನ್ನು ಏರಿತು. ಹಿಮ ಬಿದ್ದು ಹೊಲದ ಕೆಲಸ ನಿಂತ ತಿಂಗಳುಗಳಲ್ಲಿ ಅಲ್ಲಿನ ರೈತರು ಕಿಟಕಿಯ ಬೆಳಕಿನಲ್ಲಿ ಕುಳಿತು ಸಣ್ಣ ಸಣ್ಣ ಭಾಗಗಳನ್ನು ಅರದಿಂದ ಉಜ್ಜಿ ಸಿದ್ಧಪಡಿಸುತ್ತಿದ್ದರು.

ನಮ್ಮ ಬೆಂಗಳೂರಿಗೂ ಸ್ವಿಸ್ ವಿದ್ಯೆಗೂ ಒಂದು ನಂಟುಂಟು. 1953ರಲ್ಲಿ ಎಚ್.ಎಂ.ಟಿ. ಹುಟ್ಟಿದಾಗ ಲೇತ್ ಯಂತ್ರಗಳನ್ನು ಕಟ್ಟುವ ವಿದ್ಯೆ ಬಂದದ್ದು ಸ್ವಿಟ್ಸರ್‌ಲೆಂಡಿನ ಓರ್ಲಿಕಾನ್ ಸಂಸ್ಥೆಯಿಂದ. ಗಡಿಯಾರದ ವಿದ್ಯೆಯನ್ನು ಮಾತ್ರ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆ ಕಲಿಸಿತು. ಹಾಗೆ ಬೆಳೆದ ಬಳ್ಳಿಯ ಒಂದು ಕಾಯಿ ನಮ್ಮ ತಂದೆಯವರ ‘ಜನತಾ’ ಗಡಿಯಾರ. ಅವರು ತೀರಿಕೊಂಡ ಮೇಲೆ ಅದು ಬೀರುವಿನಲ್ಲೇ ಉಳಿದು ನಿಂತುಹೋಗಿತ್ತು.

ಕತ್ರಿಗುಪ್ಪೆಯ ಮುಖ್ಯರಸ್ತೆಯಿಂದ ಒಳಗೆ, ಒಂದು ಮೆಟ್ಟಿಲಿನ ಕೆಳಗೆ, ಒಬ್ಬ ವೃದ್ಧರು ಗಡಿಯಾರ ರಿಪೇರಿಗೆ ಕೂರುತ್ತಾರೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಹಿಂದಿನ ಮುಚ್ಚಳ ತೆಗೆದು, ಚಿಮಟದ ತುದಿಯಿಂದ ಒಂದೊಂದನ್ನೇ ತೋರಿಸಿದರು. ಕೀ ಕೊಟ್ಟಾಗ ಬಿಗಿಯುವ ಸುರುಳಿ. ಅದರ ಬಲವನ್ನು ಹಂಚುವ ಹಲ್ಲಿನ ಚಕ್ರಗಳು. ಆ ಬಲ ಒಮ್ಮೆಲೇ ಹರಿದುಹೋಗದಂತೆ ತಡೆತಡೆದು ಬಿಡುವ ಕೊಕ್ಕೆ. ಕೂದಲೆಳೆಯಂಥ ಸ್ಪ್ರಿಂಗಿನೊಡನೆ ತೂಗುವ ಬ್ಯಾಲೆನ್ಸ್ ಚಕ್ರ. ಸವೆತ ತಡೆಯಲು ಹದಿನೇಳು ಕೆಂಪು ಹರಳುಗಳು. ಇಂಥ ಗಡಿಯಾರ ಗಂಟೆಗೆ 18,000 ಸಲ ಬಡಿಯುತ್ತದೆ. ದಿನವೊಂದಕ್ಕೆ 4,32,000 ಸಲ!

“ನೋಡಿ ಸ್ವಾಮಿ, ಯಾವುದೂ ಮುರಿದಿಲ್ಲ. ಎಣ್ಣೆ ಒಣಗಿದೆ, ಅಷ್ಟೆ,” ಎಂದರು. ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಮುಟ್ಟಿಸಿ, ಮತ್ತೆ ಜೋಡಿಸಿದರು. ಬ್ಯಾಲೆನ್ಸ್ ಚಕ್ರ ಒಮ್ಮೆ ನಡುಗಿ ತೂಗತೊಡಗಿತು. ನಿಮ್ಮ ತರುವಾಯ ಈ ಪೀಠದಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದೆ. “ಕಲಿಯುವವರು ಬಂದರೆ ಹೇಳಿಕೊಡುವುದಕ್ಕೆ ನಾನೇನೋ ಸಿದ್ಧ,” ಎಂದು ನಕ್ಕರು. ಈವರೆಗೆ ಯಾರೂ ಬಂದಿಲ್ಲವೆಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಇದು ಕತ್ರಿಗುಪ್ಪೆಯೊಂದರ ಕಷ್ಟವಲ್ಲ, ಸ್ವಿಸ್ಸರಿಗೂ ಬಂದದ್ದೇ. 1969ರಲ್ಲಿ ಜಪಾನಿನ ಸೀಕೋ ಸಂಸ್ಥೆ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಸ್ವಿಟ್ಸರ್‌ಲೆಂಡಿನ ಗಡಿಯಾರ ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಲೆ ಲೋಕ್ಲ್ ಊರಿನ ಜೆನಿತ್ ಕಾರ್ಖಾನೆ ಆಗ ಅಮೆರಿಕದವರ ಒಡೆತನದಲ್ಲಿತ್ತು. ಕೀ ಕೊಡುವ ಗಡಿಯಾರಗಳ ಕಾಲ ಮುಗಿಯಿತು, ಉಪಕರಣಗಳನ್ನು ವಿಲೇವಾರಿ ಮಾಡಿ ಎಂದು 1975ರಲ್ಲಿ ಅಪ್ಪಣೆಯಾಯಿತು. ಶಾರ್ಲ್ ವರ್ಮೊ ಎಂಬ ಕುಶಲಿಗ ಮಾತ್ರ ‘ಎಲ್ ಪ್ರಿಮೆರೊ’ ಎಂಬ ಯಂತ್ರದ ಅಚ್ಚುಗಳನ್ನೂ ಉಪಕರಣಗಳನ್ನೂ ಒಂದೊಂದಾಗಿ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟ. ಅವನ್ನು ಬಳಸುವ ಕ್ರಮವನ್ನೂ ಬರೆದಿಟ್ಟ. 1980ರ ದಶಕದಲ್ಲಿ ಅಂಥ ಗಡಿಯಾರಗಳಿಗೆ ಮತ್ತೆ ಬೇಡಿಕೆ ಹುಟ್ಟಿದಾಗ ಅವನ ಅಟ್ಟವೇ ಕಾರ್ಖಾನೆಗೆ ಭಂಡಾರವಾಯಿತು.

ನಮ್ಮ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ತುಮಕೂರಿನ ಕಾರ್ಖಾನೆಗೂ ಅದೇ ವರ್ಷ ಬೀಗ ಬಿತ್ತು. ಆದರೆ ಅಲ್ಲಿ ಹುಟ್ಟಿದ ಗಡಿಯಾರಗಳು ಇನ್ನೂ ಬಡಿಯುತ್ತಿವೆ. ಅವು ಉಳಿದಿರುವುದು ಮೆಟ್ಟಿಲ ಕೆಳಗಿನ ಇಂಥ ಪೀಠಗಳಿಂದ. ಸ್ವಿಸ್ ಮತ್ತು ಫ್ರೆಂಚ್ ಜುರಾ ಪ್ರದೇಶದ ಈ ಕಸುಬನ್ನು ಯುನೆಸ್ಕೋ 2020ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಮನ್ನಿಸಿದ್ದು ಚಿನ್ನದ ಕರಂಡವನ್ನಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ವಿದ್ಯೆಯನ್ನು.

ಓದುಗ ಮಹಾಶಯರೆ, ನಿಮ್ಮ ಮನೆಯ ಬೀರುವಿನಲ್ಲೂ ನಿಂತುಹೋದ ಗಡಿಯಾರವೊಂದಿರಬಹುದು. ಬಿಡುವಾದಾಗ ಅದನ್ನು ರಿಪೇರಿಗೆ ಒಯ್ಯಿರಿ. ಹೋಗುವಾಗ ಮಗನನ್ನೋ ಮೊಮ್ಮಗಳನ್ನೋ ಜೊತೆಗೆ ಕರೆದೊಯ್ದು, ಹಿಂದಿನ ಮುಚ್ಚಳ ತೆರೆಯುವ ತನಕ ಅಲ್ಲೇ ನಿಲ್ಲಿಸಿಕೊಳ್ಳಿ.