ಚಿತ್ತಿ ಚಿಕ್ಕಿ, ಅವ್ವನ ಕಣ್ಣು

ರೊಟ್ಟ್ಯಾಗ ಹಳ್ಳು ಸಿಗಾಕ ಹತ್ತಿದ್ದು ಹೋದ ಶಿವರಾತ್ರಿ ಸುಮಾರಿಗೆ. ನಮ್ಮವ್ವ ಹಸನ ಮಾಡಿದ ಜ್ವಾಳದಾಗ ಹಳ್ಳು ಅಂದ್ರ ನೀವ್ಯಾರೂ ನಂಬಂಗಿಲ್ಲ, ಯಾಕಂದ್ರ ನಿಮ್ಮೊಳಗ ಅರ್ಧ ಮಂದಿ ಆಕೀ ಕೈಯಾಗಿನ ಜ್ವಾಳದ ರೊಟ್ಟಿ ಉಂಡವರ. ಮೊರದಾಗ ಹಾಕಿ ಎರಡ ಸಲ ಕೇರಿದ್ಲಂದ್ರ ಹೊಟ್ಟು ಒಂದ ಕಡೆ, ಹಳ್ಳು ಒಂದ ಕಡೆ, ಕಾಳು ಒಂದ ಕಡೆ. ಅಂಥಾಕೀ ಊರಿಂದ ಕಳಿಸಿದ ಚೀಲದಾಗಿನ ಹಳ್ಳು ನಮ್ಮನಿಯವರ ಹಲ್ಲಿಗೆ ಬಂತು. ನಾ ಆಗಿಂದಾಗ ಫೋನ್ ಹಚ್ಚಿ, "ಯವ್ವಾ, ಈಗೀಗ ಟಿವಿ ನೋಡಕೋತ ಹಸನ ಮಾಡತೀಯೇನ?" ಅಂದೆ. ಆಕೀ ನಕ್ಕು, "ಹೂಂ ಬಿಡವಾ, ವಯಸ್ಸಾತು" ಅಂದ್ಲು. ನಾನೂ ಅಲ್ಲಿಗೇ ಬಿಟ್ಟೆ. ಈಗ ನೆನಪಾದ್ರ ನಾಚಿಕಿ ಬರತೈತಿ.

ಆಮ್ಯಾಲೆ ದವನದ ಹುಣ್ಣಿವಿಗೆ ಊರಿಗೆ ಹೋದ್ವಿ. ನಮ್ಮೂರು ನವಲಗುಂದ ತಾಲೂಕಿನಾಗ, ಸುತ್ತೆಲ್ಲ ಎರಿ ಹೊಲ, ಬ್ಯಾಸಿಗ್ಯಾಗ ಮನ್ಯಾಗ ಮಲಗಾಕ ಆಗಂಗಿಲ್ಲ. ಉಂಡು ಕೈತೊಳಕೊಂಡು ಎಲ್ಲಾರೂ ಕೌದಿ ಸುತಗೊಂಡು ಮಾಳಿಗಿ ಏರೂದು. ಅವ್ವ ನಿಚ್ಚಣಿಕಿ ಏರುವಾಗ ಒಂದೊಂದ ಮೆಟ್ಲಾ ಕಾಲಿಲೆ ಹುಡಿಕಿ ಹುಡಿಕಿ ಏರಿದ್ಲು. ಮೊಣಕಾಲ ನೋವು ಅಂತ ನಾ ತಿಳಕೊಂಡೆ. ನೋಡ್ರಿ, ಮಕ್ಕಳು ಏನೇನೋ ತಿಳಕೋತಾರ, ಕೇಳೂದೊಂದು ಬಿಟ್ಟು.

ದವನದ ಹುಣ್ಣಿವಿ ಚಂದ್ರನ ಸನೇಕ ಚಿತ್ತಿ ಚಿಕ್ಕಿ ಇರತೈತಿ, ಅದಕ್ಕ ಆ ತಿಂಗಳಿಗೆ ಚೈತ್ರ ಅಂತ ಹೆಸರು. ಇದನ್ನ ನನಗ ಸಾಲ್ಯಾಗ ಯಾರೂ ಕಲಿಸಲಿಲ್ಲ, ಅದ ಮಾಳಿಗಿ ಮ್ಯಾಲೆ ಅವ್ವ ಕಲಿಸಿದ್ದು. ಹುಣ್ಣಿವಿ ಇಲ್ಲದ ದಿನ ಹುಡುಕೂದು ಹ್ಯಾಂಗ ಅಂತನೂ ಆಕೀನ ಹೇಳಿಕೊಟ್ಟಿದ್ಲು. ಸಪ್ತರ್ಷಿಗಳ ಬಾಲದ ಬಾಗು ಹಿಡಕೊಂಡು ಹಂಗ ಮುಂದ ಬಂದ್ರ ಮೊದಲ ಸ್ವಾತಿ ಸಿಗತೈತಿ, ಒಂದೀಟು ಕೆಂಪಗ, ಉಳ್ಳಾಗಡ್ಡಿ ಸಿಪ್ಪಿ ಬಣ್ಣ. ಅದ ಬಾಗಿನಾಗ ಮತ್ತ ಅಷ್ಟ ದೂರ ಹೋದ್ರ ಚಿತ್ತಿ. ಬಾಜೂಕ ಬೆರಳು ಬಿಚ್ಚಿದ ಕೈಯಂಗ ಸಣ್ಣ ಸಣ್ಣ ಚಿಕ್ಕಿ ಇರತಾವಲ್ಲ, ಅದು ಹಸ್ತಾ. ಮಳಿ ಹೆಸರು ಹೇಳೂದೂ ಇದ ಸಾಲಿನಾಗ: ಉತ್ತರಿ, ಹಸ್ತಿ, ಚಿತ್ತಿ, ಸ್ವಾತಿ. ಮುಗಲಾಗ ಹ್ಯಾಂಗ ಕುಂತಾವೋ ಹಂಗ.

ಅವತ್ತ ನಮ್ಮ ಸಣ್ಣಾಕೀ ಕೇಳಿದ್ಲು, "ಅಜ್ಜಿ, ಚಿತ್ತಿ ಎಲ್ಲೈತಿ?"

ಅವ್ವ ಮಲಕೊಂಡಲ್ಲಿಂದನ ಕೈ ಮಾಡಿ, "ಅಲ್ಲೇ ನೋಡ, ಚಂದ್ರಾಮನ ಬಲಕ್ಕ" ಅಂದ್ಲು.

"ಬಲಕ್ಕ ಏನೂ ಇಲ್ಲಜ್ಜಿ. ಕೆಳಗೈತಿ."

"ಹೂಂ, ಅದ, ಅದ."

ಹುಡುಗಿ ಸುಮ್ನಾತು. ನನ್ನ ಎದಿ ಮಾತ್ರ ಧಸಕ್ ಅಂತು. ಚಂದ್ರಾಮ ಅಷ್ಟು ಬೆಳಗಿದ್ರೂ ಆ ಚಿಕ್ಕಿ ಛಂದಂಗ ಕಾಣತಿತ್ತು, ಹುಡುಕೂ ಪ್ರಶ್ನಿನ ಇದ್ದಿಲ್ಲ. ಎಲ್ಲಾರೂ ಮಲಗಿದ ಮ್ಯಾಲೆ ಆಕೀ ಕಡೆ ಸರಕೊಂಡು ಮೆಲ್ಲಕ ಕೇಳಿದೆ, "ಯವ್ವಾ, ಚಂದ್ರಾಮ ಎಷ್ಟ ಕಾಣತಾವು?"

ಭಾಳ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ ಅಂದ್ಲು, "ಮೂರ ಇರಬೇಕು. ಒಂದರ ಮ್ಯಾಲೊಂದು ಇಟ್ಟಂಗ. ಸುತ್ತ ಹತ್ತಿ ಹಿಂಜಿದಂಗ ಆಗೇತಿ."

"ಮತ್ತ ಚಿತ್ತಿ?"

"ಚಿಕ್ಕಿ ನೋಡಿ ಎರಡ ವರ್ಷಾತವಾ."

ಎರಡ ವರ್ಷ! ಎರಡ ವರ್ಷ ಈಕೀ ಅಂದಾಜಿನ ಮ್ಯಾಲೆ ರೊಟ್ಟಿ ಬಡದಾಳ, ಅಂದಾಜಿನ ಮ್ಯಾಲೆ ಸೂಜಿ ಪೋಣಿಸಾಕ ಹೋಗಿ ಆಗಲಿಲ್ಲಂತ ಕೌದಿ ಹೊಲಿಯೂದ ಬಿಟ್ಟಾಳ, ಕೇಳಿದ್ರ ಬೆರಳ ನೋವು ಅಂದಾಳ. ನನಗ ಸಿಟ್ಟೂ ಬಂತು, ಅಳೂನೂ ಬಂತು. "ಯಾಕ ಹೇಳಲಿಲ್ಲ?" ಅಂತ ಜಗಳಾ ತಗದೆ, ಅದೂ ನಡುರಾತ್ರ್ಯಾಗ ಪಿಸುಮಾತಿನಾಗ. ಪಿಸುಮಾತಿನ ಜಗಳಾ ಎಷ್ಟ ಕಷ್ಟ ಅನ್ನೂದು ಕೂಡು ಮನ್ಯಾಗ ಬಾಳೇವು ಮಾಡಿದವರಿಗೆ ಗೊತ್ತ.

ಆಗ ಆಕೀ ನಮ್ಮ ಆಯೀ ಕತಿ ಹೇಳಿದ್ಲು. ಆಯಿ ಅಂದ್ರ ನಮ್ಮಪ್ಪನ ಅವ್ವ. ನನಗ ಗೊತ್ತಿದ್ದ ಆಯಿ ಬರೇ ಕುರುಡಿ ಆಯಿ, ಪಡಸಾಲಿ ಮೂಲ್ಯಾಗ ಗ್ವಾಡಿಗೆ ಬೆನ್ನ ಹಚ್ಚಿ ಕುಂತಾಕೀ. ಆದ್ರ ಅವ್ವ ಮದುವ್ಯಾಗಿ ಬಂದಾಗ ಆಯೀನ ಮನಿ ಯಜಮಾನ್ತಿ. ಗಡಿಯಾರ ಇಲ್ಲದ ಮನ್ಯಾಗ ಚಿಕ್ಕಿ ನೋಡಿ ಹೊತ್ತ ಹೇಳತಿದ್ಲಂತ. ಎಳ್ಳಮಾಸಿ ಸುಮಾರಿಗೆ ಚಿತ್ತಿ ಬೇವಿನ ಗಿಡದ ಮ್ಯಾಲೆ ಬಂತಂದ್ರ ಬೀಸಾಕ ಏಳೂ ಹೊತ್ತು. ಅವ್ವಗ ಚಿಕ್ಕಿ ತೋರಿಸಿ ಕಲಿಸಿದಾಕೀನೂ ಅಕೀನ. ಮುಂದ ಕಣ್ಣಿಗೆ ಪೊರಿ ಬಂತು. ದೇವರು ಕೊಟ್ಟಿದ್ದು ಅಂತ ಎಲ್ಲಾರೂ ಸುಮ್ಕಾದ್ರು, ದವಾಖಾನಿಗೆ ಹೋಗೂ ಮಾತ ಯಾರೂ ತಗೀಲಿಲ್ಲ. ಒಂದಿನ ಹಗೇವಿನ ಜ್ವಾಳದ ಲೆಕ್ಕ ತಪ್ಪಿತು, ಇನ್ನೊಂದಿನ ಹಾಲಿನ ಗಡಿಗಿ ಉಳ್ಳಿತು.

"ಅವತ್ತ ನಾನ ಅವರ ಸೊಂಟದಾಗಿನ ಕೀಲಿ ಬಿಚಗೊಂಡೆ," ಅಂದ್ಲು ಅವ್ವ. "ಯಾರೂ ಹೇಳಿರಲಿಲ್ಲ. ನಾನ ಬಿಚಗೊಂಡೆ. ಅವರು ಒಂದ ಮಾತು ಅನಲಿಲ್ಲ. ಮರದಿನದಿಂದ ಮೂಲ್ಯಾಗ ಕುಂತ್ರು."

ಮೂಲ್ಯಾಗ ಕುಂತ ಮ್ಯಾಲೂ ಆಯಿಗೆ ನಸಿಕಿನ್ಯಾಗ ಎಚ್ಚರ ಆಗತಿತ್ತು. "ಚಿತ್ತಿ ಎಲ್ಲಿಗೆ ಬಂತವಾ?" ಅಂತ ಕೇಳೂದು. ಅವ್ವ ಚಳಿಯಾಗ ಹೊರಗ ಹೋಗಿ ನೋಡೂದು ಯಾರು ಮಾಡ್ಯಾರು ಅಂತ ಕೌದ್ಯಾಗಿಂದನ "ಬೇವಿನ ಗಿಡದ ಮ್ಯಾಲೆ ಬಂದೈತ್ರಿ" ಅಂದು ಬಿಡತಿದ್ಲಂತ. ಸುಳ್ಳ. ಮನ್ಯಾಗ ಗಡಿಯಾರ ಬಂದು ಹತ್ತ ವರ್ಷ ಆಗಿತ್ತು. ಆದ್ರೂ ಆಯಿ ಸಾಯೂತನಕ ಕೇಳಿದ್ಲು, ಅವ್ವ ಅದ ಮಾತ ಹೇಳಿದ್ಲು.

ಈಗ ತಿಳೀತಲ್ಲ, ಈಕೀ ಯಾಕ ಬಾಯಿ ಬಿಡಲಿಲ್ಲ ಅಂತ. ನಮ್ಮ ವೈನಿ ಅಂಥಾಕೀ ಅಲ್ಲ, ಕೀಲಿ ಕೊಟ್ರೂ ಬ್ಯಾಡ ಅನ್ನಾಕೀ. ಆದ್ರ ಅಂಜಿಕಿ ಯಾರೂ ಲೆಕ್ಕಾ ಹಾಕಿ ಪಡೂದಿಲ್ಲ.

ಮುಂದಿಂದು ಲಗೂನ ಹೇಳತೀನಿ. ಹುಬ್ಬಳ್ಳಿಗೆ ಕರಕೊಂಡು ಹೋದ್ವಿ. ಎರಡೂ ಕಣ್ಣಾಗ ಪೊರಿ ಬಲತಿತ್ತು. ಮೇ ತಿಂಗಳದಾಗ ಒಂದ ಕಣ್ಣು, ಜೂನ್‌ದಾಗ ಇನ್ನೊಂದು. ಆಪರೇಷನ್ ಅರ್ಧ ತಾಸಿನೊಳಗ ಮುಗೀತು. ಅದಕ್ಕಿಂತ ಹೆಚ್ಚಿಗೆ ತ್ರಾಸಾಗಿದ್ದು ಆಮ್ಯಾಲೆ ಆಕೀನ ಒಲಿ ಮುಂದ ಹೋಗದಂಗ, ಬಗ್ಗದಂಗ, ತಲಿ ಮ್ಯಾಲೆ ನೀರ ಹಾಕ್ಕೊಳ್ಳದಂಗ ತಡಿಯೂದು. ಹೊತ್ತಹೊತ್ತಿಗೆ ಕಣ್ಣಿಗೆ ಔಷಧ ಬಿಡಾಕ ಗೋಡ್ಯಾಗ ಚೀಟಿ ಅಂಟಿಸಿದ್ದೆ. ಡಾಕ್ಟರಮ್ಮ ಛಲೋ ಹೇಳಿದ್ರು, ಕಣ್ಣೊಳಗಿನ ಮಸೂರ ವಯಸ್ಸಾದಂಗ ಹಳದಿ ಆಗತೈತಿ, ಮಸಿ ಹಿಡದ ಕಂದೀಲಿನ ಗಾಜಿದ್ದಂಗ, ನೀಲಿ ಬಣ್ಣ ಒಳಗ ಬರಾಕ ಬಿಡಂಗಿಲ್ಲ ಅಂತ.

ಅದು ಖರೇನ. ಪಟ್ಟಿ ಬಿಚ್ಚಿದ ವಾರದಾಗ ಅವ್ವ ಟ್ರಂಕ್ ತಗದು ಒಂದ ಇಳಕಲ್ ಸೀರಿ ಹಿಡಕೊಂಡು ಬಂದು, "ಇದು ನೀಲಿ ಐತೇನ? ಇಷ್ಟ ದಿನ ಬೂದಿ ಬಣ್ಣ ಅಂತ ಉಟ್ಟಿಲ್ಲಲ್ಲೇ ನಾ!" ಅಂದ್ಲು. ನನ್ನ ಮುಖಾ ಹಿಡದು ಬೆಳಕಿಗೆ ತಿರಿವಿ, "ನೀ ಯಾವಾಗ ಮುದುಕಿ ಆದಿ?" ಅಂತನೂ ಕೇಳಿದ್ಲು. ಅಡಗಿ ಮನಿ ಮೂಲ್ಯಾಗಿನ ಜೇಡನ ಬಲಿ ಬಗ್ಗೆ ಏನ ಅಂದ್ಲು ಅನ್ನೂದು ಇಲ್ಲಿ ಬರಿಯಂಗಿಲ್ಲ.

ಆದ್ರ ಆಕೀಗೆ ಬೇಕಾಗಿದ್ದು ಚಿತ್ತಿ ನೋಡೂದು. ಎರಡೂ ಕಣ್ಣು ಆಗೂದ್ರಾಗ ಮಿರಗ ಕೂಡಿ ಮ್ವಾಡ ಮುಚಗೊಂಡ್ವು. ಶ್ರಾವಣದಾಗ ಒಂದೆರಡ ಸಂಜಿ ಮುಗಲು ಬಿಚ್ಚಿತ್ತು, ಅಷ್ಟರಾಗ ಚಿತ್ತಿ ಪಡುವಲಕ್ಕ ಇಳದು ನಮ್ಮ ಧಾರವಾಡದ ಮನಿ ಮುಂದಿನ ಬಿಲ್ಡಿಂಗಿನ ಹಿಂದ ಸೇರಿತ್ತು. ಆಮ್ಯಾಲೆ ಊರಿಗೆ ಹೋದ್ಲು. ಅಕ್ಟೋಬರ್‌ದಾಗ ಫೋನ್ ಮಾಡಿ, "ಚಿತ್ತಿ ಮಳಿ ಹಿಡದೈತಿ, ಚಿತ್ತಿ ಎಲ್ಲ್ಯೂ ಇಲ್ಲಲ್ಲ, ಮತ್ತ ಕಣ್ಣ ಕೆಟ್ಟವೇನ?" ಅಂತ ಗಾಬರಿ ಆದ್ಲು.

ನಮ್ಮನಿಯವರು ಹೈಸ್ಕೂಲಿನಾಗ ಗಣಿತ ಮಾಸ್ತರಾಗಿ ರಿಟೈರ್ ಆದವರು, ಇಂಥ ಪ್ರಶ್ನಿಗೆ ಕಾಯಕೋತ ಕುಂತಿರತಾರ. ಫೋನ್ ಇಸಕೊಂಡು ಹೇಳಿದ್ರು: "ಅತ್ಯಾರ, ಚಿತ್ತಿ ಮಳಿ ಅಂದ್ರ ಸೂರ್ಯಾ ಚಿತ್ತಿ ಮನ್ಯಾಗ ಇರೂ ದಿನಾ. ಅಕ್ಟೋಬರ್ 10-11ರಿಂದ 23-24ರ ತನಕ. ಸೂರ್ಯಾನ ಆ ಕಡೆ ನಿಂತ ಮ್ಯಾಲೆ ಅಲ್ಲಿರೂ ಚಿಕ್ಕಿ ಹ್ಯಾಂಗ ಕಾಣಬೇಕು? ಹೆಸರಿನ ಮಳಿ ಬೀಳುವಾಗ ಆ ಚಿಕ್ಕಿ ಕಾಣಂಗಿಲ್ಲ." ನಾ ಇಷ್ಟ ವರ್ಷ ಚಿತ್ತಿ ಮಳಿ, ಚಿತ್ತಿ ಮಳಿ ಅಂತ ಅಂದ್ರೂ ಇದು ತಲ್ಯಾಗ ಹೊಕ್ಕಿದ್ದಿಲ್ಲ.

ಅವರು ಅಷ್ಟಕ್ಕ ಬಿಡಲಿಲ್ಲ. ಅವತ್ತ ಊಟಕ್ಕ ಕುಂತಾಗೂ ಅದ ಮಾತು, ನಾ ರೊಟ್ಟಿ ಬಡಕೋತ ಕೇಳೂದು. ನಮ್ಮ ಬಾಜೂಕಿನ ನರಗುಂದದಾಗ 1854ರಾಗ ಹುಟ್ಟಿ ಬಾಗಲಕೋಟ್ಯಾಗ ಮಾಸ್ತರಿಕಿ ಮಾಡಿದ ವೆಂಕಟೇಶ ಬಾಪೂಜಿ ಕೇತಕರ ಅಂತ ಇದ್ರಂತ. ಪಂಚಾಂಗದ ಲೆಕ್ಕಾನ ಈ ಚಿತ್ತಿ ಚಿಕ್ಕಿಗೇ ಗೂಟ ಹೊಡದು ಕಟ್ಟಬೇಕು, ಅದರ ನೆಟ್ಟಗ ಎದುರಿನ ಜಾಗಾನ ಮೇಷ ರಾಶಿ ಸುರುವು ಅಂತ ಹಿಡೀಬೇಕು ಅಂದವರೊಳಗ ದೊಡ್ಡವರು ಅವರು. 1955ರಾಗ ಮೇಘನಾದ ಸಹಾ ಅವರ ಕಮಿಟಿ ವರದಿ ಕೊಟ್ಟಾಗೂ ಹೆಚ್ಚುಕಡಿಮಿ ಇದ ಲೆಕ್ಕ. ಅದಕ್ಕೂ ಹಿಂದ, ಎರಡ ಸಾವಿರ ವರ್ಷದ ಆಚೆ, ಗ್ರೀಸಿನ ಹಿಪಾರ್ಕಸ್ ಅನ್ನಾಂವ ತನಗಿಂತ ಸುಮಾರು 150 ವರ್ಷ ಮೊದಲಿನವರು ಬರದಿಟ್ಟ ಚಿತ್ತಿ ಜಾಗಾ ತಗೊಂಡು ತಾ ಅಳದದ್ದಕ್ಕ ಹೋಲಿಸಿ ನೋಡಿದ್ರ ಎರಡ ಡಿಗ್ರಿ ಸರದಿತ್ತಂತ. ಭೂಮಿ ಬುಗರಿಯಂಗ ತೂಗಾಡತೈತಿ ಅನ್ನೂದರ ಗುರುತು ಸಿಕ್ಕಿದ್ದು ಹಿಂಗ. ಅದಕ್ಕನ ಸುಮಾರು 72 ವರ್ಷಕ್ಕೊಮ್ಮೆ ಮಳಿ ನಕ್ಷತ್ರ ಒಂದ ದಿನಾ ಮುಂದ ಹೋಗತೈತಿ. ಇದನ್ನ ಅವ್ವಗ ಹೇಳಿದ್ರ, "ಮತ್ತ ಈ ವರ್ಷ ಹಸ್ತಿ ಮಳಿ ಹದಿನೈದ ದಿನಾ ತಡಾ ಆತಲ್ಲ, ಅದಕ್ಯಾರ ಹೊಣಿ?" ಅಂದ್ಲು. ಮಾಸ್ತರು ಸುಮ್ಕ ಮಜ್ಜಗಿ ಕುಡದ್ರು.

ಎಳ್ಳಮಾಸಿಗೆ ನಾವೆಲ್ಲ ಊರಿಗೆ ಹೋದ್ವಿ. ಚರಗಾ ಚೆಲ್ಲೂ ಹಬ್ಬ ಅಂದ್ರ ನಸಿಕಿನ್ಯಾಗ ನಾಲ್ಕಕ್ಕ ಒಲಿ ಹೊತ್ತಬೇಕು. ಸಜ್ಜಿ ರೊಟ್ಟಿ ಹಿಂದಿನ ದಿನಾನ ಆಗಿದ್ವು. ಶೇಂಗಾ ಹೋಳಗಿ, ಎಣಗಾಯಿ ಪಲ್ಯ, ಕಡಬು, ಚಟ್ನಿಪುಡಿ ಎಲ್ಲಾ ಬಾಕಿ. ವೈನಿ ಬದನಿಕಾಯಿ ಸೀಳಕೋತ ಕುಂತಿದ್ಲು. ನಾ ನೀರ ತರಾಕ ಹಿತ್ತಲಕ್ಕ ಹೋದ್ರ ಅವ್ವ ತಲಿ ಮ್ಯಾಲೆ ಶಾಲು ಹೊತಗೊಂಡು ಅಲ್ಲೇ ನಿಂತಾಳ, ಬೇವಿನ ಗಿಡದ ಕಡೆ ಮುಖಾ ಮಾಡಿ.

ಅಮಾಸಿ ಕತ್ತಲಿ, ಚಳಿಗೆ ಮುಗಲು ತೊಳದಿಟ್ಟಂಗ ಇತ್ತು. ಗಿಡದ ತುದೀ ಮ್ಯಾಲೆ ಒಂದ ಗೇಣಿನಷ್ಟು ಮ್ಯಾಲೆ ಚಿತ್ತಿ.

"ನೀಲಿ ಐತೆ," ಅಂದ್ಲು ಅವ್ವ. "ಇದು ನೀಲಿ ಐತೆ ನೋಡ. ಬತ್ತಿ ಸ್ಟೋವಿನ ಉರಿಯಂಗ."

ನಾ ಕಣ್ಣ ಕಿವುಚಿ ನೋಡಿದೆ. ನನಗ ಬಿಳೇನ ಕಂಡಿತು. ಈ ಚಿಕ್ಕಿ ನೀಲಿ ಬಿಳುಪು ಅಂತ ನಮ್ಮನಿಯವರೂ ಹೇಳಿದ್ರು. ಸೂರ್ಯಾನ ನಾಲ್ಕ ಪಟ್ಟು ಬಿಸಿ ಅಂತ, ಅದಕ್ಕ ಆ ಬಣ್ಣ. ನಮಗ ಒಂದಾಗಿ ಕಾಣೂದು ಖರೇ ಅಂದ್ರ ಎರಡ ಚಿಕ್ಕಿ, ಒಂದರ ಸುತ್ತ ಒಂದು ನಾಲ್ಕ ದಿನಕ್ಕೊಮ್ಮೆ ಸುತ್ತತಾವಂತ, ಅಷ್ಟ ಸನೇಕ ಇರೂದಕ್ಕ ಎರಡೂ ಜಗ್ಗಾಡಿ ತತ್ತಿ ಆಕಾರ ಆಗ್ಯಾವಂತ. ಅಲ್ಲಿಂದ ಬೆಳಕು ಇಲ್ಲಿಗೆ ಬರಾಕ ಸುಮಾರು 250 ವರ್ಷ. ಕಿತ್ತೂರ ಚೆನ್ನಮ್ಮ ಹುಟ್ಟೂ ಆಜುಬಾಜು ಹೊರಟ ಬೆಳಕು ನಮ್ಮ ಹಿತ್ತಲಕ್ಕ ಬಂದು ಮುಟ್ಟೈತಿ. ಪರದೇಶದಾಗ ಇದಕ್ಕ ಸ್ಪೈಕಾ ಅಂತಾರ, ತೆನಿ ಅಂತ ಅರ್ಥ. ಕನ್ಯಾ ರಾಶಿ ಹೆಣ್ಣಮಗಳ ಕೈಯಾಗಿನ ತೆನಿ.

ಇದನ್ನೆಲ್ಲ ಅವ್ವಗ ಹೇಳಬೇಕು ಅಂತ ಬಾಯಿ ತಗದೆ. ಅಷ್ಟರಾಗ ಆಕೀ ತನ್ನಷ್ಟಕ್ಕ ತಾನ, ಮೆಲ್ಲಕ ಅಂದ್ಲು, "ಬೇವಿನ ಗಿಡದ ಮ್ಯಾಲೆ ಬಂದೈತ್ರಿ."

ನನಗ ಆಕೀ ಯಾವತ್ತೂ "ರಿ" ಹಚ್ಚಿ ಮಾತಾಡಿದಾಕೀ ಅಲ್ಲ. ನಾ ಕೊಡ ಅಲ್ಲೇ ಇಟ್ಟು ಸುಮ್ಕ ನಿಂತೆ.

ಒಂದೀಟು ಹೊತ್ತಾದ ಮ್ಯಾಲೆ ವೈನಿ ಒಳಗಿಂದ ಕೂಗಿದ್ಲು, ಬೆಲ್ಲದ ಡಬ್ಬಿ ಎಲ್ಲೈತ್ರಿ ಅತ್ತಿ ಅಂತ. ಅವ್ವ ಶಾಲು ಸರಿ ಮಾಡಕೊಂಡು, ಸೊಂಟದಾಗಿನ ಕೀಲಿ ಗೊಂಚಲಾ ಬಿಚ್ಚಿ, "ತಗೋ, ನೀನ ತಗೀ ಹೋಗವಾ, ನಾ ಒಂದ ಗಳಿಗಿ ಬಿಟ್ಟು ಬರತೇನಿ" ಅಂತ ಬಾಗಲದಾಗಿಂದನ ಕೈ ಚಾಚಿ ಕೊಟ್ಲು. ತಿರಗಿ ನನ್ನ ಕಡೆ ನೋಡಿ, "ನಿನಗ ಬಿಳೇದು ಕಾಣತೈತಿ ಅಂದ್ಯಲ್ಲ, ಹಬ್ಬ ಮುಗಿದ ಮ್ಯಾಲೆ ನೀನೂ ಒಮ್ಮೆ ಕಣ್ಣ ತೋರಿಸಕೊ" ಅಂದ್ಲು. ಮುಂದಿನ ವಾರ ಹೋಗೂದೈತಿ.