ದಡ ಉಜ್ಜುವ ಮಾತು

‘ಕೂಲಂಕಷ’ ಎಂಬ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಮಮತೆ. ಪತ್ರಿಕೆ ಬಿಡಿಸಿದರೆ ಎಲ್ಲಾದರೂ ಒಂದು ಕಡೆ ಕಣ್ಣಿಗೆ ಬಿದ್ದೇ ಬೀಳುತ್ತದೆ: ಕೂಲಂಕಷ ತನಿಖೆ, ಕೂಲಂಕಷ ಚರ್ಚೆ, ಕೂಲಂಕಷವಾಗಿ ಪರಿಶೀಲಿಸಿ ಕ್ರಮ. ಆದರೆ ಎಷ್ಟೋ ಸಲ ಅದು ‘ಕೂಲಂಕುಷ’ ಆಗಿರುತ್ತದೆ. ಆನೆಯ ಅಂಕುಶದ ನೆನಪು ನಡುವೆ ನುಗ್ಗಿತೋ ಏನೋ. ಅಷ್ಟು ಎಚ್ಚರದ ಮಾತನ್ನು ಎಚ್ಚರ ತಪ್ಪಿ ಬರೆದದ್ದು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ.

ಕೂಲ ಎಂದರೆ ದಡ. ಕಷ ಎಂದರೆ ಉಜ್ಜುವುದು. ಒರೆಗಲ್ಲಿಗೆ ‘ನಿಕಷ’ ಎಂಬ ಹೆಸರು ಬಂದದ್ದೂ ಇದರಿಂದಲೇ. ದಡವನ್ನು ಉಜ್ಜಿಕೊಂಡು ಹರಿಯುವ ಹೊಳೆ ಕೂಲಂಕಷ. ಈ ಬಗೆಯ ಪದಗಳಿಗೆಂದೇ ಪಾಣಿನಿ ಒಂದು ಸೂತ್ರ ಮಾಡಿದ್ದಾನೆ. ಎಲ್ಲವನ್ನೂ ಉಜ್ಜುವುದು ಸರ್ವಂಕಷ, ಮುಗಿಲನ್ನು ಉಜ್ಜುವುದು ಅಭ್ರಂಕಷ. ಮಾಘನ ‘ಶಿಶುಪಾಲವಧ’ಕ್ಕೆ ಮಲ್ಲಿನಾಥ ಬರೆದ ವ್ಯಾಖ್ಯಾನದ ಹೆಸರೂ ‘ಸರ್ವಂಕಷಾ’. ಎಂಥ ಧೈರ್ಯದ ಹೆಸರು!

ಕಾಳಿದಾಸನಲ್ಲಿ ಮಾತ್ರ ಈ ಪದ ಬೇರೆಯೇ ಮುಖ ತೋರುತ್ತದೆ. ‘ಶಾಕುಂತಲ’ದ ಐದನೆಯ ಅಂಕದಲ್ಲಿ ದುಷ್ಯಂತ ಎದುರು ನಿಂತ ಶಕುಂತಲೆಯನ್ನು ಗುರುತಿಸದೆ, ದಡ ಕೊರೆದು ತನ್ನ ತಿಳಿನೀರನ್ನು ಕದಡಿಕೊಂಡು ದಡದ ಮರವನ್ನೂ ಕೆಡಹುವ ಹೊಳೆಗೆ ಅವಳನ್ನು ಹೋಲಿಸುತ್ತಾನೆ. ಆ ಹೊಳೆಗೆ ಅವನು ಕೊಡುವ ವಿಶೇಷಣ ಕೂಲಂಕಷ. ಅಲ್ಲಿ ಅದು ನಿಂದೆ. ಕನ್ನಡಿಗರು ಆ ಕೆಸರನ್ನೂ ಉರುಳಿದ ಮರವನ್ನೂ ಬಿಟ್ಟು, ಹೊಳೆ ಎರಡು ದಡವನ್ನೂ ಮುಟ್ಟುತ್ತದೆ ಎಂಬುದೊಂದನ್ನು ಹಿಡಿದುಕೊಂಡರು. ನಮ್ಮವರ ಈ ಆಯ್ಕೆ ನನಗೆ ಬಹಳ ಹಿಡಿಸಿದೆ.

ನೀರಿನ ನಂಟು ಇದೊಂದಕ್ಕೇ ಅಲ್ಲ. ಮನೆ ಅಚ್ಚುಕಟ್ಟು, ಬರವಣಿಗೆ ಅಚ್ಚುಕಟ್ಟು ಎನ್ನುತ್ತೇವೆ. ಕೆರೆ ನೀರುಣಿಸುವ ಗದ್ದೆಬಯಲೂ ಅಚ್ಚುಕಟ್ಟೇ. ಮುತುವರ್ಜಿಯ ದಾರಿ ಬೇರೆ. ಅದು ಪಾರಸಿ, ಉರ್ದುವಿನ ಕಡೆಯಿಂದ ಕಚೇರಿಗೆ ಬಂದು, ಕ್ರಮೇಣ ಅಡುಗೆಮನೆಗೂ ಬಂತು. ಮುತುವರ್ಜಿಯಲ್ಲಿ ಅಕ್ಕರೆಯಿದೆ, ಅಚ್ಚುಕಟ್ಟಿನಲ್ಲಿ ಅಂದವಿದೆ. ಕೂಲಂಕಷಕ್ಕೆ ಎರಡೂ ಸಾಲವು, ಕೊನೆ ಮುಟ್ಟಬೇಕು.

ಹಾಗೆ ಕೊನೆ ಮುಟ್ಟಿದವರಲ್ಲಿ ನನಗೆ ಮೊದಲು ನೆನಪಾಗುವವರು ಕಿಟೆಲ್. 1853ರಲ್ಲಿ ಜರ್ಮನಿಯಿಂದ ಬಂದ ಪಾದ್ರಿ. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಸುಮಾರು 70,000 ಪದಗಳು. ನಡುವೆ ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಎರಡನ್ನೂ ಸಂಪಾದಿಸಿದರು. ಹಳೆಯ ಕಾವ್ಯದ ಪದ ಒಂದು ದಡವಾದರೆ, ಜನರ ಬಾಯಲ್ಲಿದ್ದ ಗಾದೆ ಇನ್ನೊಂದು. ಎರಡಕ್ಕೂ ನಿಘಂಟಿನಲ್ಲಿ ಜಾಗ ಸಿಕ್ಕಿತು. ಆಮೇಲೆ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ಕೈಗೆತ್ತಿಕೊಂಡು, ಶಾಸನ, ಕಾವ್ಯಗಳಿಂದ ಪ್ರಯೋಗಗಳನ್ನು ಹೆಕ್ಕಿ ಪೇರಿಸುತ್ತ, 1995ರಲ್ಲಿ ಮುಗಿಸಿತು. ಆರಂಭಿಸಿದವರಲ್ಲಿ ಎಷ್ಟೋ ಜನ ಮುಗಿದದ್ದನ್ನು ನೋಡಲಿಲ್ಲ. ಸಂಪಾದಕರಲ್ಲೊಬ್ಬರಾದ ಜಿ. ವೆಂಕಟಸುಬ್ಬಯ್ಯನವರು ನೋಡಿದರು.

ಕೂಲಂಕಷ ಪಂಡಿತರ ಸೊತ್ತು ಎಂದು ಯಾರೂ ದೂರ ನಿಲ್ಲಬೇಕಾಗಿಲ್ಲ. ನಿವೇಶನ ಕೊಳ್ಳಲು ಹೊರಟವರು ಯಾರಾದರೂ ಸಲಹೆ ಕೇಳಿದರೆ ನಾನು ಈ ಪದವನ್ನೇ ಒತ್ತಿ ಹೇಳುತ್ತೇನೆ: ಮೂಲಪತ್ರ ನೋಡಿ, ಪಹಣಿ ನೋಡಿ, ಋಣಭಾರ ಪತ್ರ ನೋಡಿ. ಅಷ್ಟಕ್ಕೇ ನಿಲ್ಲಬೇಡಿ, ಕ್ರಯಪತ್ರದಲ್ಲಿ ಬರೆದ ಚೆಕ್ಕುಬಂದಿಯನ್ನು ಕೈಯಲ್ಲಿ ಹಿಡಿದುಕೊಂಡು ಜಾಗಕ್ಕೇ ಹೋಗಿ, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ರಸ್ತೆ ಎಂದು ನಾಲ್ಕೂ ಕಡೆ ನಡೆದು ತಾಳೆ ನೋಡಿ.