ಪಾಳಿಯ ನ್ಯಾಯ

ಸೂಚೀಕಟಾಹನ್ಯಾಯವೆಂಬುದೊಂದು ಲೌಕಿಕ ನ್ಯಾಯವು ಪಂಡಿತರಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಒಬ್ಬನು ಕಮ್ಮಾರನಲ್ಲಿಗೆ ಹೋಗಿ ಕೊಪ್ಪರಿಗೆಯನ್ನು ಕೇಳುತ್ತಾನೆ; ಅವನ ಬೆನ್ನಿಗೇ ಬಂದವನು ಸೂಜಿಯನ್ನು ಕೇಳುತ್ತಾನೆ. ಕಮ್ಮಾರನು ಸೂಜಿಯನ್ನು ಮೊದಲು ಮುಗಿಸಿ ಅನಂತರ ಕೊಪ್ಪರಿಗೆಗೆ ಕೈಹಾಕುತ್ತಾನೆ. ಅಲ್ಪಕಾರ್ಯವು ಮುಂದೆ, ಮಹತ್ಕಾರ್ಯವು ಹಿಂದೆ ಎಂಬುದೇ ಇದರ ತಾತ್ಪರ್ಯ. ಆದರೆ ಈ ನ್ಯಾಯವು ತಲೆಕೆಳಗಾಗುವ ಸ್ಥಳವೊಂದುಂಟು; ಅದು ಇಂದಿನ ವಿನೋದವನ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿರುವ ಮಚ್ಛೆಯು ಕಾರಖಾನೆಗಳ ಊರು. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮವೂ ಅಲ್ಲಿಯೇ ಇದೆ. ಆ ಊರಿನ ಒಂದು ಮನೆಯವರು ದಸರೆಯ ಬಿಡುವಿನಲ್ಲಿ ಬಿಡದಿಯ ಹತ್ತಿರದ ವಂಡರ್‌ಲಾ ವಿನೋದವನವನ್ನು ನೋಡಹೊರಟರು. 2005ರಲ್ಲಿ ತೆರೆದ ಆ ವನವು ಮಚ್ಛೆಯ ಹುಡುಗರ ಬಾಯಲ್ಲಿ ಇಂದ್ರನ ನಂದನಕ್ಕಿಂತಲೂ ದೊಡ್ಡದಾಗಿತ್ತು. ಅಜ್ಜ, ಆತನ ಕಿರಿಯ ಮಗ, ಹದಿಮೂರು ವರ್ಷದ ಮೊಮ್ಮಗ, ಎಂಜಿನಿಯರಿಂಗ್ ಓದುವ ಹಿರಿಯ ಮಗನ ಮಗಳು, ಇವರೊಡನೆ ನೆರೆಮನೆಯ ಕಾರಖಾನೆ ಕೆಲಸಗಾರನ ಹುಡುಗ. ಹೀಗೆ ಐವರು ರಾತ್ರಿಯ ರೈಲನ್ನೇರಿದರು. ನೆರೆಮನೆಯ ಹುಡುಗನು ಮುಗಿಲಿಗೇರಿ ಹಿಮ್ಮುಖವಾಗಿಯೂ ಧುಮುಕುವ ಆ ಗಾಡಿಯ ಮಾತನ್ನು ದಾವಣಗೆರೆ ದಾಟಿದರೂ ಬಿಟ್ಟಿರಲಿಲ್ಲ.

ಪಾಳಿ ಹಚ್ಚುವುದು ಅಜ್ಜನಿಗೆ ಹೊಸದಲ್ಲ. ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಗಂಟೆಗಟ್ಟಲೆ ನಿಂತ ಕಾಲುಗಳವು. ಆದರೆ ಮೊಮ್ಮಗಳು ಪಾಳಿಯನ್ನು ಶಾಸ್ತ್ರವಾಗಿ ಓದಿದವಳು. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನು ದೂರವಾಣಿ ಕರೆಗಳ ದಟ್ಟಣೆಯನ್ನು ಕುರಿತು 1909ರಲ್ಲಿ ಬರೆದ ಲೇಖನವೇ ಈ ಶಾಸ್ತ್ರದ ಮೂಲ. 1961ರಲ್ಲಿ ಅಮೆರಿಕೆಯ ಜಾನ್ ಲಿಟಲ್ ಎಂಬವನು ಅದರ ಒಂದು ಸುಲಭ ಸೂತ್ರಕ್ಕೆ ಸಾಧನೆಯನ್ನು ಕೊಟ್ಟನು. ಆಕೆ ಅದನ್ನು ರೈಲಿನಲ್ಲಿಯೇ ಹುಡುಗರಿಗೆ ಬಾಯಿಲೆಕ್ಕದಿಂದ ತಿಳಿಸಿದಳು. ಗಾಡಿಯಲ್ಲಿ ಒಂದು ಸಾರಿಗೆ 20 ಮಂದಿ ಕೂಡುತ್ತಿದ್ದು, 4 ನಿಮಿಷಕ್ಕೊಂದು ಸಾರಿ ಅದು ಹೊರಡುತ್ತಿದ್ದರೆ, ನಿಮಿಷಕ್ಕೆ ಸಾಗುವವರು 5 ಮಂದಿ. ನಮ್ಮ ಮುಂದೆ 100 ಮಂದಿಯಿದ್ದರೆ 20 ನಿಮಿಷ ಕಾಯಬೇಕು. ಪಾಳಿಯ ಉದ್ದಕ್ಕೆ ಅಂಜಬೇಕಾಗಿಲ್ಲ; ಅದು ಸರಿಯುವ ವೇಗವನ್ನು ನೋಡಬೇಕು.

ಇನ್ನು ಉಪಾಯಗಳು. ಭಾನುವಾರವನ್ನು ಬಿಟ್ಟು ವಾರದ ನಡುವಿನ ದಿನ ಹೋಗುವುದು. ಬಾಗಿಲು ತೆರೆಯುವ ಮೊದಲೇ ಅಲ್ಲಿರುವುದು. ಒಳಹೊಕ್ಕೊಡನೆ ಎದುರಿಗೆ ಕಾಣುವ ಸಣ್ಣ ಆಟಗಳಿಗೆ ಮರುಳಾಗದೆ ಎಲ್ಲಕ್ಕಿಂತ ದೊಡ್ಡ ಆಟಕ್ಕೆ ನಡೆಯುವುದು. ಎಲ್ಲರೂ ಉಣ್ಣುವ ಹೊತ್ತಿನಲ್ಲಿ ಆಡುವುದು, ಎಲ್ಲರೂ ಆಡುವ ಹೊತ್ತಿನಲ್ಲಿ ಉಣ್ಣುವುದು. ಬಿಸಿಲೇರಿ ಜನವು ನೀರಿನ ಆಟಗಳತ್ತ ತಿರುಗಿದಾಗ ಒಣ ಆಟಗಳನ್ನು ಹಿಡಿಯುವುದು. ಇಲ್ಲಿ ಕೊಪ್ಪರಿಗೆಯೇ ಮೊದಲು, ಸೂಜಿ ಆಮೇಲೆ. ಕಮ್ಮಾರನ ಕೊಪ್ಪರಿಗೆಯು ತಡೆದಷ್ಟಕ್ಕೆ ದೊಡ್ಡದಾಗುವುದಿಲ್ಲ. ವಿನೋದವನದ ದೊಡ್ಡ ಪಾಳಿಯಾದರೋ ಗಳಿಗೆ ಗಳಿಗೆಗೆ ಬೆಳೆಯುತ್ತದೆ.

ಸಂಕಟವು ಬಂದದ್ದು ಚೀಟಿಯ ಕಿಂಡಿಯಲ್ಲಿ. ಹೆಚ್ಚು ಹಣವನ್ನು ತೆತ್ತವರಿಗೆ ಬೇಗನೆ ಒಳಬಿಡುವ ಫಾಸ್ಟ್‌ಟ್ರ್ಯಾಕ್ ಎಂಬ ಚೀಟಿಯೂ ಅಲ್ಲುಂಟು. ಹುಡುಗನ ತಂದೆಯ ಕೈಯಲ್ಲಿದ್ದ ಹಣವು ಅಂತಹ ಮೂರು ಚೀಟಿಗಳಿಗೆ ಸಾಕು, ನಾಲ್ಕಕ್ಕೆ ಸಾಲದು. ಅಜ್ಜನು ಹೇಗೂ ಆಡುವವನಲ್ಲ. “ನಮ್ಮ ಮೂರು ಮಂದಿಗೆ ಇದನ್ನ ತಗೊಳ್ಳೂಣು, ಅವ ಸಾದಾ ಪಾಳಿಯೊಳಗ ಬರಲಿ, ಹೊರಗ ಸಿಗತಾನ,” ಎಂದು ಅವನು ಮೆಲ್ಲಗೆ ಹೇಳಿದನು. ಅದು ದುಷ್ಟತನದ ಮಾತಲ್ಲ, ಲೆಕ್ಕದ ಮಾತು. ನೆರೆಮನೆಯ ಹುಡುಗನಿಗೆ ಅದು ಕೇಳಿಸಿತು.

“ನನಗ ಅದನ್ನ ಹತ್ತಾಕ ಅಂಜಿಕಿ ಆಗತೈತ್ರೀ ಕಾಕಾ. ನಾ ಅಜ್ಜಾರ ಕೂಡ ಇಲ್ಲೇ ಕುಂದರ್ತೀನಿ.”

ರಾತ್ರಿಯೆಲ್ಲ ಅದೇ ಗಾಡಿಯ ಧ್ಯಾನವನ್ನು ಮಾಡಿದ ಬಾಯಿಂದ ಬಂದ ಈ ಸುಳ್ಳನ್ನು ನಂಬಿದವರು ಯಾರೂ ಇರಲಿಲ್ಲ. ಅಜ್ಜನು ಮಗನ ಮುಖವನ್ನು ನೋಡಲಿಲ್ಲ, ಕಿಂಡಿಯನ್ನೇ ನೋಡುತ್ತ, “ಐದೂ ಸಾದಾ ಚೀಟಿ ತಗೋ. ನಾನೂ ಪಾಳಿಯೊಳಗ ನಿಂದರ್ತೀನಿ,” ಎಂದನು.

ಪಾಳಿಯನ್ನು ತಪ್ಪಿಸಿಕೊಳ್ಳುವ ದಾರಿಗಳು ಎರಡು. ನಸುಕಿನಲ್ಲೇ ಎದ್ದವನು ಯಾರ ಸರದಿಯನ್ನೂ ಕಸಿಯುವುದಿಲ್ಲ; ಖಾಲಿಯಿರುವ ಹೊತ್ತನ್ನು ಹುಡುಕಿ ಬಳಸುತ್ತಾನೆ. ಹಣವನ್ನು ತೆತ್ತು ಮುಂದೆ ಹೋದವನ ಕಾಯುವಿಕೆಯಾದರೋ ಅಳಿಯುವುದಿಲ್ಲ. ಗಾಡಿಯಲ್ಲಿ ಆಸನಗಳು ಇದ್ದಷ್ಟೇ ಇರುವುದರಿಂದ ಅದು ಹಿಂದಿನವರ ಹೆಗಲಿಗೆ ದಾಟುತ್ತದೆ. ಅಮೆರಿಕೆಯ ಡಿಸ್ನಿ ವನಗಳಲ್ಲಿ 1999ರಲ್ಲಿ ಬೇರೆ ಬೆಲೆಯಿಲ್ಲದೆ ಎಲ್ಲರಿಗೂ ಹೊತ್ತನ್ನು ಗೊತ್ತುಮಾಡಿಕೊಡುವ ಚೀಟಿಯು ಹುಟ್ಟಿತು. 2021ರಲ್ಲಿ ಅದನ್ನು ನಿಲ್ಲಿಸಿ ಹಣದ ಚೀಟಿಯನ್ನು ತಂದರು. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ದರ್ಶನವಿರುವಾಗ ವಿನೋದವನವನ್ನಷ್ಟೇ ದೂರುವುದು ಸಲ್ಲದು. ವೃದ್ಧರಿಗೂ ಅಶಕ್ತರಿಗೂ ಮುಂದೆ ದಾರಿ ಬಿಡುವುದು ಧರ್ಮವೇ ಸರಿ. ಆದರೆ ಒಂದೇ ಮನೆಯಿಂದ ಹೊರಟವರನ್ನು ಎರಡು ಪಾಳಿಗಳಾಗಿ ಒಡೆಯುವ ಚೀಟಿಯ ಬೆಲೆಯು ಅದರ ಮೇಲೆ ಅಚ್ಚಾದಷ್ಟೇ ಅಲ್ಲ.

ಅಂದು ಮೊದಲ ಪಾಳಿಯು ಅಕ್ಕನ ಲೆಕ್ಕದಂತೆಯೇ ಕಾಲು ಗಂಟೆಯಲ್ಲಿ ಮುಗಿಯಿತು. ಅಜ್ಜನು ಕಟ್ಟಕಡೆಯ ಕಟಾಂಜನದವರೆಗೂ ನಿಂತು, ಗಾಡಿಯು ಬಂದಾಗ ಪಕ್ಕದಿಂದ ಹೊರಬಿದ್ದನು. ನೆರೆಮನೆಯ ಹುಡುಗನು ಎಲ್ಲರಿಗಿಂತ ಮುಂದಿನ ಆಸನದಲ್ಲಿ ಕುಳಿತು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದನು. ಸಂಜೆಯ ಹೊತ್ತಿಗೆ ಲೆಕ್ಕವು ತಪ್ಪಿತು. ಒಂದು ಆಟದ ಮುಂದೆ ಜನವು ನೆರೆದು ಅದು ಕೈಬಿಟ್ಟುಹೋಯಿತು. ಮೊಮ್ಮಗನು ತುಸು ಮುನಿದನು. ರೈಲಿನಲ್ಲಿ ಮಲಗುವ ತನಕ ಆ ಮುನಿಸು ಹೋಗಲಿಲ್ಲ. ತಂದೆಯು ಏನನ್ನೂ ಆಡಲಿಲ್ಲ. ಊಟದ ಬುತ್ತಿಯನ್ನು ಬಿಚ್ಚುವಾಗ ಮೊದಲ ರೊಟ್ಟಿಯನ್ನು ನೆರೆಮನೆಯ ಹುಡುಗನ ಕೈಗಿತ್ತನು.

ಮರುವಾರ ಮಚ್ಛೆಯ ಪಡಿತರದ ಅಂಗಡಿಯ ಮುಂದೆ ಆ ಹುಡುಗನು ತಂದೆಯೊಡನೆ ನಿಂತಿದ್ದನು. ಮುಂದಿನ ತಲೆಗಳನ್ನು ಬೆರಳಿನಿಂದ ಎಣಿಸಿ, ತಕ್ಕಡಿಯತ್ತ ತುಸು ಹೊತ್ತು ನೋಡಿ, “ಅಪ್ಪಾ, ಇನ್ನ ಇಪ್ಪತ್ತು ನಿಮಿಷ. ನೀ ಚಹಾ ಕುಡದು ಬಾ, ನಾ ನಿಂತಿರ್ತೀನಿ,” ಎಂದನು.